ಬಾಯಿ ಕ್ಯಾನ್ಸರ್: ಮೂರು ಬೆರಳಿನ ಪರೀಕ್ಷೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಕ್ಯಾನ್ಸರ್ ಬಗ್ಗೆ ಇರುವುದು ಒಂದೆರಡು ಪುಟ ಮಾತ್ರ. ಆ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: "ಸರ್, ತಂಬಾಕು ಇಲ್ಲದ ಸ್ವೀಟ್ ಸುಪಾರಿ ತಿಂದರೆ ಏನೂ ಆಗುವುದಿಲ್ಲ ಅಲ್ವಾ?" ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಆದರೂ ಬರೆದೇ ಉತ್ತರಿಸೋಣ ಅನಿಸಿತು.

ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದ ಕೋಶಗಳನ್ನು ಕೆರಳಿಸಿ, ಕೊಲಾಜೆನ್ ಎಂಬ ನಾರನ್ನು ಅತಿಯಾಗಿ ತಯಾರಿಸುವಂತೆ ಮಾಡುತ್ತದೆ. ಮೆತ್ತಗಿದ್ದ ಕೆನ್ನೆ ಒಳಗಿನಿಂದ ಬಿಳಿಚಿ ಗಟ್ಟಿಯಾಗುತ್ತದೆ. ಖಾರದ ಸಾರು ತಾಗಿದರೆ ಉರಿ. ಆಮೇಲೆ ಬಾಯಿಯೇ ಪೂರ್ತಿ ತೆರೆಯುವುದಿಲ್ಲ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆ ಬಿಟ್ಟ ಮಾತ್ರಕ್ಕೆ ಬೆಳೆದ ನಾರು ಕರಗಿ ಮೊದಲಿನಂತಾಗುವುದಿಲ್ಲ. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ಜೊತೆಗೆ ತಂಬಾಕು ಸೇರಿದರೆ ಅದರ ನೈಟ್ರೋಸಮೈನ್‌ಗಳು ಡಿಎನ್‌ಎಯನ್ನೇ ಕೆಡಿಸುತ್ತವೆ. ಮದ್ಯವೂ ಕೂಡಿದರೆ ಕೇಳುವುದೇ ಬೇಡ.

(ಅಡಿಕೆ ತೋಟದ ದುಡ್ಡಿನಲ್ಲಿ ಓದುವ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ನಾನು ಹೇಳುತ್ತಿರುವುದು ತೋಟದ ವಿಷಯವಲ್ಲ, ಜೇಬಿನಲ್ಲಿರುವ ಪ್ಯಾಕೆಟಿನ ವಿಷಯ.)

ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ತೋರು, ನಡು, ಉಂಗುರ ಈ ಮೂರೂ ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಹಿಡಿಯುತ್ತದೆ. ಹಿಡಿಯದಿದ್ದರೆ ದಂತವೈದ್ಯರಿಗೆ ತೋರಿಸಿ. ಹಾಗೆಯೇ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚು ಅಪಾಯದ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ಕಾಯಬೇಡಿ. ನೋವಿಲ್ಲವೆಂದು ಸುಮ್ಮನಿರುವುದೇ ಹೆಚ್ಚು. ಶುರುವಿನಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ.

ಬರೀ ಕಣ್ಣಿನಿಂದ ನೋಡಿ ಏನು ಪ್ರಯೋಜನ ಎನ್ನುವವರಿಗೆ ಕೇರಳದ ತಿರುವನಂತಪುರ ಜಿಲ್ಲೆ ಉತ್ತರ ಕೊಟ್ಟಿದೆ. 1996ರಿಂದ ಅಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮೂರು ವರ್ಷಕ್ಕೊಮ್ಮೆ ಜನರ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು.

ಚಿಕ್ಕದಿರುವಾಗ ಸಿಕ್ಕರೆ ಬಹುತೇಕ ಒಂದು ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತದೆ. ಕತ್ತಿನ ಗ್ರಂಥಿಗಳಿಗೆ ಹರಡಿದ್ದರೆ ಅವನ್ನೂ ತೆಗೆದು ವಿಕಿರಣ, ಅಗತ್ಯವಿದ್ದರೆ ಕೀಮೋಥೆರಪಿ ಕೊಡಬೇಕು. ದವಡೆಯ ಮೂಳೆಗೆ ತಾಗಿದ್ದರೆ ಆ ಭಾಗ ಕತ್ತರಿಸಿ, ಕಾಲಿನ ಫಿಬುಲಾ ಮೂಳೆಯಿಂದ ಹೊಸ ದವಡೆ ಕಟ್ಟುತ್ತಾರೆ. "ಬಯಾಪ್ಸಿ ಮಾಡಿದರೆ ಹರಡುತ್ತದೆ" ಎಂದು ಊರಲ್ಲಿ ಹೇಳುವುದನ್ನು ನಂಬಬೇಡಿ. ಆ ಚೂರು ಮಾಂಸ ನೋಡದೆ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು.

ಮನೆಯಲ್ಲಿ ಎಲೆಯಡಿಕೆ ಹಾಕುವ ಅಜ್ಜ ಅಜ್ಜಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. 30 ದಾಟಿದವರಿಗೆ ಬಾಯಿ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ.