ಇಂದಿನ ಧಮ್ಮ ಚಿಂತನೆ: ಹಗ್ಗ ಯಾರ ಕೈಯಲ್ಲಿರಬೇಕು?

 

2021ರ ಜುಲೈ ಕೊನೆಯನ್ನು ನಮ್ಮ ಆಲೂರು, ಸಕಲೇಶಪುರ ಸೀಮೆಯವರು ಮರೆತಿರಲಾರರು. ಚೌಡನಹಳ್ಳಿಯ ರಸ್ತೆ ಬದಿ ಬಿದ್ದಿದ್ದ ಚೀಲಗಳನ್ನು ಬಿಚ್ಚಿದರೆ ಒಳಗೆ 38 ಮಂಗಗಳ ಹೆಣ. ಕೆಲವಕ್ಕೆ ಇನ್ನೂ ಉಸಿರಿತ್ತು. ಹೈಕೋರ್ಟು ಯಾರೂ ಕೇಳದೆಯೇ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಕೋತಿ ಕಾಟ ಸುಳ್ಳಲ್ಲ. ಶುಂಠಿ, ಜೋಳ, ಬಾಳೆ ಹಾಕಿದವರ ಸಂಕಟ ನಮ್ಮೆಲ್ಲರ ಮನೆಯಲ್ಲೂ ಇದೆ. ಆದರೂ ಆ ಚೀಲಗಳ ಚಿತ್ರ ಕಣ್ಣಿಂದ ಹೋಗುವುದಿಲ್ಲ.

ಆ ಮಂಗಗಳಿಗೆ ಮಾಲೀಕರಿರಲಿಲ್ಲ. ಎತ್ತಿಗೆ, ನಾಯಿಗೆ ಇರುತ್ತಾರೆ. ಎತ್ತಿಗೆ ಹಿಂಸೆ ಕೊಟ್ಟವನಿಗೆ ಶಿಕ್ಷೆಯಾಯಿತು ಅನ್ನಿ. ಮರುದಿನ ಆ ಎತ್ತಿನ ಹಗ್ಗ ಯಾರ ಕೈಯಲ್ಲಿರುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತಿಗೆ ಎರಡು ಕಾಫಿಯ ದುಡ್ಡು! ಆದರೆ ಅದೇ ಕಾಯ್ದೆಯ *29ನೇ ಕಲಂ* ಹೆಚ್ಚು ಜನರಿಗೆ ಗೊತ್ತಿಲ್ಲ. ಹಿಂಸೆಗೊಳಗಾದ ಪ್ರಾಣಿಯನ್ನು ನ್ಯಾಯಾಲಯ ಸರ್ಕಾರದ ವಶಕ್ಕೆ ಕೊಡಿಸಬಹುದು. ಅಪರಾಧಿ ಇಷ್ಟು ಕಾಲ, ಅಥವಾ ಶಾಶ್ವತವಾಗಿ, ಯಾವ ಪ್ರಾಣಿಯನ್ನೂ ಇಟ್ಟುಕೊಳ್ಳಬಾರದೆಂದೂ ಆಜ್ಞೆ ಮಾಡಬಹುದು. ಮೀರಿದರೆ 100 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.

ತೊಡಕು ಷರತ್ತುಗಳಲ್ಲಿದೆ. ಆತನ ಕೈಯಲ್ಲಿ ಪ್ರಾಣಿ ಮತ್ತೆ ನರಳುತ್ತದೆಂದು ಸಾಕ್ಷ್ಯ ಬೇಕು. ಇಂಥ ನಿಷೇಧ ಕೇಳುತ್ತೇವೆಂದು *ದೂರಿನಲ್ಲೇ* ಬರೆದಿರಬೇಕು. ಜೊತೆಗೆ, ಆ ಪ್ರಾಣಿ ಸಾಕಲು ಪರವಾನಗಿ ಬೇಕಾದ ಪ್ರದೇಶದಲ್ಲಿ ಅಪರಾಧ ನಡೆದಿರಬೇಕು. ನಮ್ಮ ಹಳ್ಳಿಯಲ್ಲಿ ಎತ್ತು ಕಟ್ಟಲು ಯಾರು ಪರವಾನಗಿ ತೆಗೆಸುತ್ತಾರೆ? ಈ ಒಂದು ಷರತ್ತಿನಿಂದಲೇ ಕಲಂ ಹಳ್ಳಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಇಂಗ್ಲೆಂಡಿನ 2006ರ ಕಾಯ್ದೆ ತಿರುಗುಮುರುಗು: ಅಲ್ಲಿ ನಿಷೇಧ ಹಾಕದಿದ್ದರೆ ಏಕೆ ಹಾಕಲಿಲ್ಲವೆಂದು ನ್ಯಾಯಾಲಯವೇ ಕಾರಣ ಹೇಳಬೇಕು. ನನಗೆ ಅದು ಸರಿ ಅನ್ನಿಸುತ್ತದೆ.

"ಮನುಷ್ಯ ಬದಲಾಗುವುದಿಲ್ಲವೇ? ಅಂಗುಲಿಮಾಲ ಬದಲಾಗಲಿಲ್ಲವೇ?" ಎಂದು ಕಳೆದ ಸಲ ಒಬ್ಬರು ಕೇಳಿದ್ದರು. ಬದಲಾದ. ಆದರೆ ಕ್ರಮ ನೋಡಿ. ಮೊದಲು ಆಯುಧ ಕೆಳಗೆಸೆದ, ಆಮೇಲೆ ಸಂಘಕ್ಕೆ ಬಂದ. ಭಿಕ್ಷುವಾದ ಮೇಲೂ ಭಿಕ್ಷೆಗೆ ಹೋದಾಗ ಕಲ್ಲಿನೇಟು ತಿಂದು ರಕ್ತ ಸುರಿಸಿಕೊಂಡು ಬಂದ. ಭಗವಾನರು ಸಹಿಸಿಕೋ ಅಂದರೇ ಹೊರತು, ಕಲ್ಲೆಸೆದವರನ್ನು ಕರೆದು ಬೈಯಲಿಲ್ಲ. ನಿಷೇಧವನ್ನು ನಾನು ಹಾಗೆ ಕಾಣುತ್ತೇನೆ: ಅದು ಸೇಡಲ್ಲ, ಕೋಲನ್ನು ಸ್ವಲ್ಪ ಕಾಲ ಕೆಳಗಿಡಿಸುವುದು. ಕಾಯ್ದೆಯೂ ದಾರಿ ಮುಚ್ಚಿಲ್ಲ. ಆಜ್ಞೆ ರದ್ದು ಮಾಡಿ, ಇಲ್ಲವೇ ಬದಲಿಸಿ ಎಂದು ಅರ್ಜಿ ಹಾಕಲು ಅದೇ 29ನೇ ಕಲಮಿನಲ್ಲಿ ಅವಕಾಶವಿದೆ.

ಇನ್ನು ನಮ್ಮ ಪಾಲಿನದು. ದೂರು ಕೊಡುವ ಸಂದರ್ಭ ಬಂದರೆ ನಿಷೇಧದ ಆ ಒಂದು ಸಾಲು ಮರೆಯದೆ ಬರೆಸಿ. ನಿಮ್ಮೂರಿಗೆ ಪರವಾನಗಿ ನಿಯಮ ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಅಷ್ಟು ದೂರ ಹೋಗುವ ಮೊದಲೇ, ಕುಡಿದು ಬಂದು ಎತ್ತಿಗೆ ಬಾರಿಸುವ ನೆರೆಯವರಿದ್ದರೆ, ಬೆಳಗ್ಗೆ ಅವರ ಅಮಲಿಳಿದ ಹೊತ್ತಿಗೆ ಹೋಗಿ, "ಅಣ್ಣಾ, ನಾಲ್ಕು ದಿನ ನಮ್ ಕೊಟ್ಟಿಗೆಲಿ ಇರ್ಲಿ ಬಿಡು, ಹುಲ್ಲು ನಾನೇ ಹಾಕ್ತೀನಿ" ಅನ್ನಿ. ಬೈಸಿಕೊಳ್ಳಬೇಕಾದೀತು. ಎತ್ತಿಗೆ ನಾಲ್ಕು ದಿನ ಸಿಗುತ್ತದೆ.

🙏