ವಿಜ್ಞಾನಿಗಳ ಅಂಕಪಟ್ಟಿ: ಉಲ್ಲೇಖಗಳ ಲೆಕ್ಕ ಮತ್ತು ಒಬೈದ್ ಸಿದ್ದೀಖಿ



ಪಿಯುಸಿಯಲ್ಲಿ ನಮ್ಮ ಓದನ್ನು ಅಳೆಯುವುದು ಅಂಕಪಟ್ಟಿ. ವಿಜ್ಞಾನಿಗಳಿಗೂ ಅಂಥದೊಂದು ಪಟ್ಟಿ ಇದೆ: ಎಷ್ಟು ಸಂಶೋಧನಾ ಲೇಖನ ಪ್ರಕಟವಾಗಿವೆ, ಅವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಕೆಲಸ, ಬಡ್ತಿ, ಅನುದಾನ ಕೊಡುವಾಗ ಈ ಲೆಕ್ಕವನ್ನು ನೋಡುವುದುಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ನಾಳೆ ಸಂಶೋಧನೆಗೆ ಹೋಗುವವರು ಇದನ್ನು ಇಂದೇ ತಿಳಿದಿರುವುದು ಒಳ್ಳೆಯದು.

ಉಲ್ಲೇಖ ಎಂದರೇನು?

ಒಬ್ಬ ಸಂಶೋಧಕ ತನ್ನ ಲೇಖನದಲ್ಲಿ ಹಿಂದಿನವರ ಕೆಲಸವನ್ನು ಬಳಸಿಕೊಂಡರೆ ಅದನ್ನು ಹೆಸರಿಸಬೇಕು. ಅದೇ ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಉಲ್ಲೇಖಗಳ ಸೂಚಿಯನ್ನೇ ಹೊರತಂದರು. ಪತ್ರಿಕೆಗಳನ್ನು ಅಳೆಯುವ 'ಇಂಪ್ಯಾಕ್ಟ್ ಫ್ಯಾಕ್ಟರ್' ಅವರ ಕೆಲಸದಿಂದಲೇ ಬಂತು. ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿಯೇ ಅದು.

ವ್ಯಕ್ತಿಯನ್ನು ಅಳೆಯಲು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 'ಎಚ್-ಇಂಡೆಕ್ಸ್' ಸೂಚಿಸಿದರು. ಒಬ್ಬರ ಆರು ಲೇಖನಗಳಿಗೆ ಕ್ರಮವಾಗಿ 25, 12, 7, 5, 4, 2 ಉಲ್ಲೇಖಗಳಿವೆ ಎನ್ನಿ. ನಾಲ್ಕನೆಯ ಲೇಖನಕ್ಕೆ ನಾಲ್ಕಕ್ಕಿಂತ ಕಡಿಮೆ ಇಲ್ಲ. ಐದನೆಯದಕ್ಕೆ ಐದು ಇಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 4. ಈಗ 25ರ ಬದಲು 2500 ಬರೆಯಿರಿ. ಆಗಲೂ ಉತ್ತರ 4! ಒಂದೇ ಒಂದು ಮಹತ್ವದ ಲೇಖನದ ತೂಕ ಈ ಲೆಕ್ಕಕ್ಕೆ ಸಿಗುವುದಿಲ್ಲ.

ನಮ್ಮ ನಾಡಿನ ಉದಾಹರಣೆ

ಒಬೈದ್ ಸಿದ್ದೀಖಿ (1932–2013) ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್.ಡಿ. ಪಡೆದರು. ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾದ ಮೇಲೆ ಮಾಡಿದ ಕೆಲಸ 1962ರಲ್ಲಿ ಪ್ರಕಟವಾಯಿತು. ನೀವು ಪಠ್ಯದಲ್ಲಿ ಓದುವ 'ಸ್ಟಾಪ್ ಕೋಡಾನ್' ಅರ್ಥವಾಗಲು ಆ ಕೆಲಸ ನೆರವಾಯಿತು. ಹೋಮಿ ಭಾಭಾ ಅವರ ಕರೆಯ ಮೇರೆಗೆ ಮುಂಬೈನ ಟಾಟಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟಿದರು.

ಮುಂದೆ ಅವರು ನರವಿಜ್ಞಾನಕ್ಕೆ ತಿರುಗಿದರು. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಡ್ರೊಸೊಫಿಲಾ ನೊಣವೇ ಅವರ ಪ್ರಯೋಗಜೀವಿ. 1976ರಲ್ಲಿ ಸೀಮೋರ್ ಬೆಂಜರ್ ಜೊತೆ, ಬಿಸಿ ಏರಿದರೆ ನಿಶ್ಚೇಷ್ಟಿತವಾಗಿ ಬೀಳುವ ನೊಣಗಳ ಬಗ್ಗೆ ಬರೆದರು. ಅವುಗಳಲ್ಲೊಂದು ತಳಿಗೆ 'ಕೊಮಟೋಸ್' ಎಂದು ಹೆಸರು. ಅದರಲ್ಲಿ ಕೆಟ್ಟಿರುವುದು ಯಾವ ಪ್ರೋಟೀನ್ ಎಂದು ತಿಳಿದದ್ದು 1990ರ ದಶಕದಲ್ಲಿ: ನರಕೋಶಗಳು ಸಂದೇಶ ದಾಟಿಸಲು ಬೇಕಾದ ಎನ್‌ಎಸ್‌ಎಫ್. ಎರಡು ವರ್ಷದ ಉಲ್ಲೇಖ ಎಣಿಸುವ ಅಳತೆಗೆ ಇಷ್ಟು ದೂರದ ಫಲ ಕಾಣುವುದೇ ಇಲ್ಲ.

1978ರಲ್ಲಿ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಜೊತೆ, ನೊಣದ ವಾಸನೆ ಮತ್ತು ರುಚಿಯ ಗ್ರಹಿಕೆಗೆ ಯಾವ ಜೀನ್‌ಗಳು ಬೇಕೆಂಬ ಅಧ್ಯಯನ ಪ್ರಕಟಿಸಿದರು. ಅದು ಬಂದದ್ದು ವಿದೇಶಿ ಪತ್ರಿಕೆಯಲ್ಲಲ್ಲ, ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಒಳ್ಳೆಯ ಕೆಲಸಕ್ಕೆ ಪತ್ರಿಕೆಯ ದೊಡ್ಡ ಹೆಸರೇ ಬೇಕೆಂದಿಲ್ಲ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕರೂ ಇವರೇ. 2006ರಲ್ಲಿ ಪದ್ಮವಿಭೂಷಣ ಬಂತು. ಸಂಸ್ಥೆ ಕಟ್ಟಿದ್ದು, ಶಿಷ್ಯರನ್ನು ಬೆಳೆಸಿದ್ದು ಯಾವ ಎಚ್-ಇಂಡೆಕ್ಸಿಗೂ ಸೇರುವುದಿಲ್ಲ.

ಹಾಗಾದರೆ ಲೆಕ್ಕ ಬೇಡವೇ?

ಬೇಕು, ಎಚ್ಚರದಿಂದ. ಉಲ್ಲೇಖದ ಸಂಖ್ಯೆ ಒಂದು ಕೆಲಸ ಎಷ್ಟು ಜನರಿಗೆ ಬಳಕೆಯಾಯಿತು ಎಂದು ಹೇಳುತ್ತದೆ. ಅದು ಸರಿಯೋ ತಪ್ಪೋ ಹೇಳುವುದಿಲ್ಲ. ತಪ್ಪನ್ನು ಎತ್ತಿ ತೋರಿಸಲು ಮಾಡಿದ ಉಲ್ಲೇಖವೂ ಎಣಿಕೆಗೆ ಸೇರುತ್ತದೆ. ತನ್ನ ಲೇಖನವನ್ನು ತಾನೇ ಮತ್ತೆ ಮತ್ತೆ ಉಲ್ಲೇಖಿಸುವವರೂ, ಹಣ ಪಡೆದು ಪರಿಶೀಲಿಸದೆ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಗಣಿತದಲ್ಲಿ ಉಲ್ಲೇಖ ಕಡಿಮೆ, ವೈದ್ಯವಿಜ್ಞಾನದಲ್ಲಿ ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮಾಡಿ ನೋಡಿ

ಸಂಶೋಧಕ 'ಅ': 40, 3, 2, 1 ಉಲ್ಲೇಖಗಳು. ಸಂಶೋಧಕ 'ಆ': 5, 5, 5, 5, 5. ಒಟ್ಟು ಉಲ್ಲೇಖ ಮತ್ತು ಎಚ್-ಇಂಡೆಕ್ಸ್ ಕಂಡುಹಿಡಿಯಿರಿ.

ಉತ್ತರ: 'ಅ' – 46 ಮತ್ತು 2, 'ಆ' – 25 ಮತ್ತು 5. ಒಂದು ಅಳತೆಯಲ್ಲಿ 'ಅ' ಮುಂದೆ, ಇನ್ನೊಂದರಲ್ಲಿ 'ಆ'. ಯಾರ ಕೆಲಸ ದೊಡ್ಡದು? ಅದನ್ನು ತಿಳಿಯಲು ಅವರ ಲೇಖನಗಳನ್ನೇ ಓದಬೇಕು.