ಗದ್ದೆಯನ್ನು ಹಡಿಲು ಬಿಡಬೇಡಿ

ಮಕ್ಕಳೇ, ಮಣಿಪಾಲದಲ್ಲಿ ಓದಿ ಬೆಂಗಳೂರಿಗೋ ದುಬೈಗೋ ಹೋದವರು ನೀವು. ಕಾಪುವಿನಲ್ಲೋ ಕಾರ್ಕಳದಲ್ಲೋ ಅಜ್ಜ ದುಡಿದ ತುಂಡು ಗದ್ದೆ ನಿಮ್ಮಲ್ಲಿ ಹಲವರಿಗೆ ಇದೆ. ‘ಅಷ್ಟರಲ್ಲಿ ಏನು ಮಾಡಲಿಕ್ಕಾಗುತ್ತದೆ?’ ಎಂದು ಕೇಳುತ್ತೀರಿ. ಆ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ನಮ್ಮ ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರ ರಾಯರು.

ರಾಯರದು ಸಣ್ಣ ಹಿಡುವಳಿ. ಗಾಂಧೀಜಿಯ ಮಾತನ್ನು ನಂಬಿ ಹಾಗೆಯೇ ಬಾಳಿದರು, ತಾವೇ ನೂತ ನೂಲಿನ ಖಾದಿ ಉಟ್ಟರು. ನೇಗಿಲು ಹೂಡದೆ, ರಾಸಾಯನಿಕ ಗೊಬ್ಬರ ಹಾಕದೆ, ಮೈಮುರಿದು ದುಡಿದು ಭತ್ತ ಬೆಳೆದರು. ಆ ಕ್ರಮಕ್ಕೆ ‘ಚೇರ್ಕಾಡಿ ಪದ್ಧತಿ’ ಎಂದೇ ಹೆಸರಾಯಿತು. ಅವರನ್ನು ನೆನೆಯುವುದೆಂದರೆ ಫೋಟೊಗೆ ಹಾರ ಹಾಕುವುದಲ್ಲ. ಅವರಂತೆ ದಿನವೂ ಮಣ್ಣಿಗಿಳಿದ ನಿಮ್ಮ ಮನೆಯ ಹಿರಿಯರ ಕೆಲಸವನ್ನು ಅರಿತು, ಅದನ್ನು ಮುಂದುವರಿಸುವುದು.

ಮೊದಲು ನಿಮ್ಮ ನೆಲವನ್ನು ತಿಳಿಯಿರಿ. ಅದು ತಗ್ಗಿನ ಬೈಲೋ, ನಡುವಿನ ಮಜಲೋ, ಎತ್ತರದ ಬೆಟ್ಟೋ? ಮಳೆಗಾಲದ ಏಣಿಲು ಬೆಳೆ ಮಾತ್ರ ಆಗುತ್ತದೋ, ಆಮೇಲಿನ ಸುಗ್ಗಿ, ಕೊಳಕೆ ಬೆಳೆಗೂ ನೀರು ನಿಲ್ಲುತ್ತದೋ? ತೋಡಿಗೆ ಎಲ್ಲಿ ಕಟ್ಟ ಹಾಕುತ್ತಿದ್ದರು? ಇದು ಪಹಣಿಯಲ್ಲಿ ಸಿಗುವುದಿಲ್ಲ. ಅಜ್ಜಿ ಇರುವಾಗಲೇ ಕೇಳಿಕೊಳ್ಳಿ.

ಕೃಷಿ ದಿನದಿನದ ಕೆಲಸ ಎಂಬುದನ್ನು ಶಂಕರಪುರದ ಮಲ್ಲಿಗೆ ಮನೆಗಳಲ್ಲಿ ನೋಡಿ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು. ಮನೆಮಂದಿಯೆಲ್ಲ ಕೂತು ಕಟ್ಟಿದರೆ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಷ್ಟೋ ಮಕ್ಕಳ ಶಾಲೆಯ ಫೀಸು ಹುಟ್ಟಿದ್ದು ಆ ಅಂಗಳದ ಗಿಡಗಳಿಂದ. ಅಲ್ಲಿ ತೋಟ ಬೇರೆ, ಸಂಸಾರ ಬೇರೆ ಆಗಿರಲಿಲ್ಲ. ಹಾಗೆಯೇ ಮಟ್ಟುವಿನ ರೈತರು ತಮ್ಮೂರ ಬದನೆ ಮಟ್ಟುಗುಳ್ಳದ ಬೀಜವನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದರು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಬೀಜ ಉಳಿದದ್ದು ಸರ್ಟಿಫಿಕೇಟಿನಿಂದಲ್ಲ, ವರ್ಷವೂ ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಬಿಟ್ಟವರಿಂದ.

ದುಡಿಮೆಯಷ್ಟೇ ಮುಖ್ಯ ಬಿಡುವು. ಕೆಡ್ಡಸ ಹಬ್ಬದ ಮೂರು ದಿನ ನಮ್ಮವರು ಭೂಮಿಗೆ ಹಾರೆ ತಾಗಿಸುವುದಿಲ್ಲ. ಭೂಮಿತಾಯಿಗೆ ಮುಟ್ಟು ಎಂದು ತಿಳಿದು ಆದರಿಸುತ್ತಾರೆ. ಮಣ್ಣಿಗೆ ಕೊಡುವ ಆ ಮರ್ಯಾದೆಯನ್ನು ಮನೆಯ ಹೆಂಗಸರಿಗೂ ಕೊಡಿ. ನೇಜಿ ನೆಟ್ಟು, ಹಟ್ಟಿ ನೋಡಿ, ಅಡುಗೆಯನ್ನೂ ಮಾಡಿದವರು ಅವರು. ಪಹಣಿಯಲ್ಲಿ ಅವರ ಹೆಸರು ಅಪರೂಪ.

ಬೇಸಾಯ ಮಾಡಲಾಗದಿದ್ದರೆ ಮಾಡುವವರಿಗೆ ಕೊಡಿ, ಬೆಳೆ ಇಡದೆ ಹಡಿಲು ಬಿಡಬೇಡಿ. ಹಡಿಲು ಬಿದ್ದ ಗದ್ದೆಯ ಬದು ಒಡೆಯುತ್ತದೆ, ತೋಡು ಹೂಳುತ್ತದೆ. ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತು ಇಂಗಬೇಕಾದ ನೀರು ಸಮುದ್ರಕ್ಕೆ ಓಡುತ್ತದೆ, ಬೇಸಗೆಯಲ್ಲಿ ಊರ ಬಾವಿ ತಳ ಕಾಣುತ್ತದೆ. ನಷ್ಟ ನಿಮಗೊಬ್ಬರಿಗಲ್ಲ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಮುಂದಾಗಿ ಸಾವಿರಕ್ಕೂ ಮಿಕ್ಕಿ ಎಕರೆ ಹಡಿಲು ಭೂಮಿಯಲ್ಲಿ ಭತ್ತ ಬೆಳೆಸಿತು. ಕೆಸರಿಗೆ ಇಳಿದವರಲ್ಲಿ ಕಾಲೇಜು ಹುಡುಗರೂ ಇದ್ದರು. ಮನಸ್ಸು ಮಾಡಿದರೆ ಆಗುತ್ತದೆ.

ಈ ಸಲ ಮಳೆಗಾಲಕ್ಕೆ ರಜೆ ಹಾಕಿ ಬನ್ನಿ. ಒಂದು ಗದ್ದೆ ಸಾಕು, ಒಂದು ಮುಡಿ ಕಜೆ ಅಕ್ಕಿಯಾದರೂ ಮನೆಯದ್ದಾಗಲಿ. ನಿಮ್ಮ ಮಕ್ಕಳನ್ನೂ ಬದುವಿನ ಮೇಲೆ ನಡೆಸಿ. ಅಜ್ಜ ಏನು ಮಾಡಿದರೆಂದು ಅವರಿಗೆ ಆಗ ಬೇರೆ ಹೇಳಿಕೊಡಬೇಕಾಗುವುದಿಲ್ಲ.